ಕರೆಂಟ್ ಬಾಯಮ್ಮ ಮತ್ತು ತಣ್ಣಗಿನ ಚಿಪ್

ನಮ್ಮ ಮನೆಯಲ್ಲಿ ನನ್ನ ಮೇಲೊಂದು ದೂರಿದೆ. ನಾನು ಯಾವ ವಸ್ತುವನ್ನೂ ನೇರವಾಗಿ ಮುಟ್ಟುವುದಿಲ್ಲವಂತೆ. ಟಿವಿಯ ರಿಮೋಟ್ ಎತ್ತಿಕೊಳ್ಳುವ ಮೊದಲು, ಮಗಳ ಲ್ಯಾಪ್‌ಟಾಪ್ ಮುಚ್ಚುವ ಮೊದಲು, ಫೋನಿನ ಚಾರ್ಜರ್ ಕೀಳುವ ಮೊದಲು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿಯನ್ನೊಮ್ಮೆ ಮುಟ್ಟಿ ಬರುತ್ತೇನೆ. ಕೆಲವರು ದೇವರ ಪಟ ಮುಟ್ಟಿ ಹೊರಗೆ ಹೊರಡುವುದಿಲ್ಲವೇ, ಹಾಗೆ. ಅಳಿಯ ಬಹಳ ಮರ್ಯಾದಸ್ಥ. ಮದುವೆಯಾಗಿ ಹನ್ನೆರಡು ವರ್ಷ ಸುಮ್ಮನಿದ್ದು, ಹದಿಮೂರನೆಯ ವರ್ಷ ಒಂದು ದಿನ ಮೆತ್ತಗೆ ಹೇಳಿದ: "ಮಮ್ಮಿ, ಈಗಿನ ಬಿಲ್ಡಿಂಗುಗಳಲ್ಲಿ ಪೈಪ್ ಎಲ್ಲ ಪ್ಲಾಸ್ಟಿಕ್. ನೀವು ನಲ್ಲಿ ಮುಟ್ಟಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಮಾತು ಸರಿಯೇ. ಆದರೆ ಕೈಗೆ ಇಷ್ಟೆಲ್ಲ ತಿಳಿಯುವುದಿಲ್ಲ. ಅದು ನಲವತ್ತು ವರ್ಷ ಕಲಿತದ್ದನ್ನು ಮಾಡಿಕೊಂಡು ಹೋಗುತ್ತದೆ.

ನಾವಿರುವುದು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ, ಹನ್ನೊಂದನೆಯ ಮಹಡಿಯಲ್ಲಿ. ಹೆಸರು ಕೇಳಿದರೆ ಬೀದಿಬೀದಿಯಲ್ಲೂ ಸಿಲಿಕಾನ್ ಚಿಪ್ ಹರವಿ ಒಣಗಿಸುತ್ತಾರೇನೋ ಅನ್ನಿಸಬೇಕು. ನಾನು ಸಂಜೆ ನಡೆಯುವ ದಾರಿಯಲ್ಲಿ ಇರುವುದು ಎರಡು ಕೆಫೆಟೀರಿಯಾ, ಒಂದು ಸಲೂನ್, ಒಂದು ಬೆಕ್ಕಿನ ಆಸ್ಪತ್ರೆ. ಆದರೂ ಆ ಹೆಸರಿನ ಬೋರ್ಡು ಕಂಡಾಗಲೆಲ್ಲ ನನಗೆ ಒಳಗೊಳಗೇ ಸಣ್ಣದೊಂದು ಜಂಬ. ಸಿಲಿಕಾನ್ ಈ ದೇಶಕ್ಕೆ ಕಪ್ಪು ಸ್ಪಂಜಿನ ಮೇಲೆ ಕುಳಿತು ಆರಾರಾಗಿ ಬರುತ್ತಿದ್ದ ಕಾಲದಲ್ಲಿ ಅದನ್ನು ಕೈಯಲ್ಲಿ ಹಿಡಿದವಳು ನಾನು. ಹಿಡಿದು ಕೊಂದವಳು ಎಂದರೂ ತಪ್ಪಿಲ್ಲ.

ಆ ಕತೆಯನ್ನು ನಾನಾಗಿ ಮನೆಯ ಹೊರಗೆಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. ಹೊರಗೆ ತಂದದ್ದು ಮೊಮ್ಮಗಳು ಎಲೀಸಾ. ಐದನೆಯ ತರಗತಿಯ ವಿಜ್ಞಾನದ ಪಾಠದಲ್ಲಿ ಬಲೂನನ್ನು ತಲೆಗೂದಲಿಗೆ ಉಜ್ಜಿ ಗೋಡೆಗೆ ಅಂಟಿಸುವುದನ್ನು ತೋರಿಸಿದರಂತೆ. ಆಗ ಇವಳು ಎದ್ದು ನಿಂತು, ತನ್ನ ಅಜ್ಜಿಯ ಸೀರೆಯಲ್ಲಿ ಹಿಂದೆ ಮಿಂಚು ಬರುತ್ತಿತ್ತು, ಆ ಹೆದರಿಕೆಗೆ ಅಜ್ಜಿ ಈಗಲೂ ನಲ್ಲಿ ಮುಟ್ಟುತ್ತಾಳೆ ಎಂದು ಇಂಗ್ಲಿಷಿನಲ್ಲಿ ಇಡೀ ತರಗತಿಗೆ ಸಾರಿದ್ದಾಳೆ. ಮರುವಾರ ಊದ್ ಮೇಥಾದ ಅವಳ ಶಾಲೆಯಲ್ಲಿ ಪೋಷಕರ ಸಭೆ. ಮಗಳು ಶರಲ್‌ಗೆ ಆಫೀಸಿನಿಂದ ಬರುವುದು ತಡವಾಗುತ್ತದೆಂದು ನಾನು ಹೋದೆ.

ವಿಜ್ಞಾನದ ಟೀಚರ್ ನಮ್ಮ ಶರಲ್‌ಳ ವಯಸ್ಸಿನವಳು. ತಲೆಗೆ ತಿಳಿಹಸಿರು ಸ್ಕಾರ್ಫ್, ಹೆಸರು ನಸೀಮಾ. ಎಲೀಸಾಳ ಮಾರ್ಕು, ಗಣಿತದಲ್ಲಿ ಅವಸರ, ಅಕ್ಷರ ಸಾಲದು, ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆ ನನ್ನ ಮುಖವನ್ನೇ ನೋಡಿ ಕೇಳಿದಳು: "ನೀವು ಮಂಗಳೂರಿನವರು ಅಲ್ವಾ? ಅಬುಧಾಬಿಯಲ್ಲಿ ಬಾವಿಯ ಡಬ್ಬಿ ರಿಪೇರಿ ಮಾಡ್ತಿದ್ದದ್ದು ನೀವೇಯಾ?"

ನಾನು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದೆ.

"ನಮ್ಮ ಬಾಪ ಹೇಳ್ತಾ ಇರ್ತಾರೆ, ಕರೆಂಟ್ ಬಾಯಮ್ಮನ ಕತೆ. ಸೀರೆ, ನಲ್ಲಿ ಎಲ್ಲ ಅದರಲ್ಲಿ ಉಂಟು. ಎಲೀಸಾ ಹೇಳುವಾಗ ನನಗೆ ಮೈ ಜುಮ್ಮೆಂದಿತು. ಹಮೀದ್ ಅಂತ, ಡ್ರೈವರ್ ಆಗಿದ್ರು. ನೆನಪುಂಟಾ?"

ನೆನಪುಂಟಾ ಎಂದರೆ! ನಾನು ಆ ಪುಟ್ಟ ಮಕ್ಕಳ ಕುರ್ಚಿಯಲ್ಲಿ ಹಾಗೇ ಕುಳಿತುಬಿಟ್ಟೆ. ಹಿಂದೆ ಸಾಲಿನಲ್ಲಿದ್ದ ತಂದೆತಾಯಂದಿರು ಗಡಿಯಾರ ನೋಡಿಕೊಳ್ಳತೊಡಗಿದರು.

ಹಮೀದಾಕನ ವಿಷಯ ಹೇಳಬೇಕಾದರೆ ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಮಂಗಳೂರಿನಲ್ಲಿ ಐಟಿಐ ಓದಿ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚಿ ಜೋಡಿಸುವುದನ್ನು ಕಲಿತವಳು. ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಇಬ್ಬರೇ. ಬೆಸುಗೆ ಹಾಕುವುದರಲ್ಲಿ ನನ್ನ ಕೈ ನಡುಗುವುದಿಲ್ಲ ಎಂಬ ಹೆಸರಿತ್ತು. ಮದುವೆಯಾಗಿ ಅಬುಧಾಬಿಗೆ ಬಂದಾಗ ನನ್ನ ಗಂಡ ವಿಕ್ಟರ್ ಹೋಟೆಲೊಂದರ ಅಡುಗೆಮನೆಯಲ್ಲಿದ್ದ. ಒಬ್ಬನ ಸಂಬಳದಲ್ಲಿ ಇಬ್ಬರ ಸಂಸಾರ ಕಷ್ಟವೆಂದು ನಾನೂ ಕೆಲಸ ಹುಡುಕಿದೆ. ಸಿಕ್ಕಿದ್ದು ಒಂದು ಸಣ್ಣ ವರ್ಕ್‌ಶಾಪ್. ಮರುಭೂಮಿಯ ತೋಟಗಳ ಬಾವಿಯಲ್ಲಿ ನೀರು ಎಷ್ಟು ಕೆಳಗಿಳಿದಿದೆ ಎಂದು ಗಂಟೆಗೊಮ್ಮೆ ಅಳೆದು ಬರೆದಿಡುವ ಪೆಟ್ಟಿಗೆಗಳನ್ನು ಅಲ್ಲಿ ಜೋಡಿಸುತ್ತಿದ್ದರು, ಕೆಟ್ಟರೆ ದುರಸ್ತಿ ಮಾಡುತ್ತಿದ್ದರು. ಹದಿನಾಲ್ಕು ಗಂಡಸರು, ಒಬ್ಬಳು ನಾನು.

ಆ ಪೆಟ್ಟಿಗೆಗಳ ಒಳಗೆ ಆಗ ಇದ್ದ ಮೈಕ್ರೋಪ್ರೊಸೆಸರ್ ಎಂಬುದು ಮಹಾ ಹೊಟ್ಟೆಬಾಕ. ಕೆಲಸ ಇರಲಿ ಇಲ್ಲದಿರಲಿ, ಸ್ಟ್ಯಾಂಡಿನಲ್ಲಿ ಇಂಜಿನ್ ಆರಿಸದೆ ನಿಲ್ಲಿಸಿದ ಬಸ್ಸಿನ ಹಾಗೆ ಕರೆಂಟು ಕುಡಿಯುತ್ತಲೇ ಇರುತ್ತಿತ್ತು. ಬೆರಳಿಟ್ಟರೆ ಚುರ್ ಎನ್ನುತ್ತಿತ್ತು. ಅದನ್ನು ಸಾಕಲು ಪ್ರತಿ ಬಾವಿಯ ಪಕ್ಕ ಲಾರಿಯ ಬ್ಯಾಟರಿಯೊಂದನ್ನು ಇಡಬೇಕು. ಅದೂ ಒಂದು ವಾರಕ್ಕೆ ಖಾಲಿ. ಹಾಗಾಗಿ ಮೂವರು ಡ್ರೈವರುಗಳು ವಾರವಿಡೀ ಮರಳಿನ ದಾರಿಯಲ್ಲಿ ಬಾವಿಯಿಂದ ಬಾವಿಗೆ ಹೋಗಿ ಹಳೆಯ ಬ್ಯಾಟರಿ ಇಳಿಸಿ ಹೊಸದನ್ನು ಇಟ್ಟು ಬರುತ್ತಿದ್ದರು. ಆ ಮೂವರಲ್ಲಿ ಒಬ್ಬರು ಹಮೀದಾಕ. ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ಏಳೆಂಟು ವರ್ಷ ದೊಡ್ಡವರು. ಎತ್ತರದ ಆಳು, ಮಾತು ಕಡಿಮೆ. ವರ್ಕ್‌ಶಾಪಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ವಾಡಿಕೆಯಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು, ಹಿರಿಯರೆಂದು ನಾನು ಅವರನ್ನು ಹಮೀದಾಕ ಎನ್ನುತ್ತಿದ್ದೆ.

ಒಂದು ಚಳಿಗಾಲದಲ್ಲಿ ಹೊಸ ಬಗೆಯ ಪ್ರೊಸೆಸರ್ ಬಂತು. ಆರು ಬಂದವು, ಒಂದೊಂದೂ ನಲವತ್ತು ಕಾಲುಗಳನ್ನು ಕಪ್ಪು ಸ್ಪಂಜಿನಲ್ಲಿ ಊರಿಕೊಂಡು. ಇದು ಕರೆಂಟನ್ನು ಕುಡಿಯುವುದಿಲ್ಲ, ನಾಲಿಗೆಗೆ ಸೋಕಿಸುತ್ತದೆ ಅಷ್ಟೆ ಎಂದರು. ಟಾರ್ಚಿನ ಸೆಲ್ಲುಗಳಲ್ಲಿ ತಿಂಗಳುಗಟ್ಟಲೆ ಬದುಕುತ್ತದಂತೆ. ಬೇಡವಾದಾಗ ನಿಲ್ಲಿಸಿದರೆ ನಿಂತಲ್ಲೇ ನಿಂತು, ಗಂಟೆ ಬಿಟ್ಟು ಎಬ್ಬಿಸಿದರೆ ಬಿಟ್ಟ ಮಾತಿನಿಂದಲೇ ಮುಂದುವರಿಯುತ್ತದಂತೆ. ನಾನು ನಂಬಲಿಲ್ಲ. ನಮ್ಮ ಹಿರಿಯ ಇಂಜಿನಿಯರ್ ರಜೆಗೆ ಹೋಗುವ ಮೊದಲು ನನ್ನನ್ನು ಕೂರಿಸಿ ಚಿತ್ರ ಬರೆದು ವಿವರಿಸಿದರು: ಇದರೊಳಗಿನ ಸ್ವಿಚ್ಚುಗಳೆಲ್ಲ ಜೋಡಿ ಜೋಡಿ. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಎರಡೂ ಒಟ್ಟಿಗೆ ತೆರೆಯುವುದಿಲ್ಲವಾದ್ದರಿಂದ ಕರೆಂಟಿಗೆ ಸುಮ್ಮನೆ ಹರಿದುಹೋಗಲು ದಾರಿಯೇ ಇಲ್ಲ.

ಚಿತ್ರ ಅರ್ಥವಾಗಲಿಲ್ಲ, ಆದರೆ ವಿಷಯ ತಟ್ಟನೆ ಅರ್ಥವಾಯಿತು. ಚಿಕ್ಕವಳಿದ್ದಾಗ ನನಗೂ ಅಕ್ಕ ವಿನ್ನಿಗೂ ಸೇರಿ ಒಂದೇ ಜೊತೆ ಶೂ ಇತ್ತು. ಭಾನುವಾರ ಬೆಳಗ್ಗೆ ಚರ್ಚಿನ ಮೊದಲ ಬಲಿಪೂಜೆಗೆ ವಿನ್ನಿ ಅದನ್ನು ಹಾಕಿಕೊಂಡು ಹೋಗುವಳು. ಅವಳು ಬಂದು ಹೊಸ್ತಿಲಲ್ಲಿ ಶೂ ಬಿಚ್ಚಿದ ಮೇಲೆ ನಾನು ಎರಡನೆಯ ಪೂಜೆಗೆ ಓಡಬೇಕು. ಅವಳ ಕಾಲು ದೊಡ್ಡದು, ಆದ್ದರಿಂದ ನನ್ನ ಸರದಿಯಲ್ಲಿ ಮುಂಭಾಗಕ್ಕೆ ಹಳೆಯ ಪೇಪರ್ ತುರುಕಿಕೊಳ್ಳುತ್ತಿದ್ದೆ. ನಮ್ಮಮ್ಮನಿಗೆ ಇದರಿಂದ ಆದ ಇನ್ನೊಂದು ಲಾಭವೆಂದರೆ ನಾವಿಬ್ಬರೂ ಒಟ್ಟಿಗೆ ಮನೆಬಿಟ್ಟು ತಿರುಗುವಂತಿರಲಿಲ್ಲ. ಹೀಗೆ ಕಡಿಮೆ ಖರ್ಚಿನಲ್ಲಿ ಸಂಸಾರ ತೂಗಿಸಿದ ಅಮ್ಮನೇ ಆ ಚಿಪ್ಪನ್ನೂ ಮಾಡಿದಳೇನೋ ಎಂದು ನನಗನ್ನಿಸಿತು. ಅಂದಿನಿಂದ ಅದರ ಮೇಲೆ ಒಂದು ಅಕ್ಕರೆ.

ಅಕ್ಕರೆ ಇದ್ದರೇನು, ಮೊದಲನೆಯದನ್ನು ನಾನು ಹೀಗೆ ಕೊಂದೆ. ಬೋರ್ಡಿನಲ್ಲಿ ಕೂರಿಸಿ ಕರೆಂಟು ಕೊಟ್ಟು ಅಭ್ಯಾಸದಂತೆ ಮೇಲೆ ಬೆರಳಿಟ್ಟೆ. ತಣ್ಣಗಿತ್ತು. ಎರಡು ನಿಮಿಷ ಬಿಟ್ಟು ಮುಟ್ಟಿದೆ, ಆಗಲೂ ತಣ್ಣಗೆ. ಸತ್ತಿದೆ ಎಂದು ತೀರ್ಮಾನಿಸಿ ಕಿತ್ತು ತೆಗೆದೆ. ಅದು ತಣ್ಣಗಿರುವುದೇ ಅದರ ಆರೋಗ್ಯ ಎಂದು ನನಗೆ ಹೊಳೆದದ್ದು ಮಧ್ಯಾಹ್ನ ಊಟಕ್ಕೆ ಕುಳಿತಾಗ. ಓಡಿಬಂದು ಮತ್ತೆ ಕೂರಿಸಿದೆ. ಈಗ ಅದು ನಿಜವಾಗಿಯೂ ಸತ್ತಿತ್ತು. ಎರಡನೆಯದನ್ನು ಬಹಳ ಎಚ್ಚರದಿಂದ ಸ್ಪಂಜಿನಿಂದ ಎತ್ತಿ ಕೂರಿಸಿದೆ, ಅದು ಕಣ್ಣೇ ತೆರೆಯಲಿಲ್ಲ. ಮೂರನೆಯದು ಅರ್ಧ ಗಂಟೆ ಕೆಲಸ ಮಾಡಿತು. ನಾಲ್ಕನೆಯದನ್ನು ಕೂರಿಸುವ ಮುಂಚೆ ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಹೇಳಿದೆ, ಪ್ರಯೋಜನವಾಗಲಿಲ್ಲ.

ಇಂಜಿನಿಯರ್ ಇನ್ನೂ ರಜೆಯಲ್ಲಿದ್ದರು. ಮ್ಯಾನೇಜರನಿಗೆ ಯಂತ್ರದ ವಿಷಯ ತಿಳಿಯದು, ಆದರೆ ಆರರಲ್ಲಿ ನಾಲ್ಕು ಹೋದವು ಎಂಬುದು ತಿಳಿಯುತ್ತಿತ್ತು. ಆತ ಕೂಗಾಡಲಿಲ್ಲ. ನನ್ನ ಮೇಜಿನ ಬಳಿ ಬಂದು, ಸತ್ತ ನಾಲ್ಕನ್ನೂ ಸಾಲಾಗಿ ಜೋಡಿಸಿ, ಐದನೆಯದೂ ಹೋದರೆ ಖಲಾಸ್ ಎಂದು ಮೆಲ್ಲಗೆ ಹೇಳಿ ಹೋದ. ನನ್ನ ಪ್ರೊಬೇಷನ್ ಅವಧಿ ಇನ್ನೂ ಮುಗಿದಿರಲಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ನಾನು ಊರಿಗೆ, ವಿಕ್ಟರ್ ಇಲ್ಲಿ ಐದು ಜನರ ರೂಮಿಗೆ. ಆಗ ತಾನೇ ಎರಡು ತಿಂಗಳ ಬಸುರಿ ಬೇರೆ. ಐದನೆಯ ಚಿಪ್ಪನ್ನು ಮುಟ್ಟಲು ಧೈರ್ಯ ಬಾರದೆ ಎರಡು ದಿನ ಬರೀ ಮೇಜು ಒರೆಸುತ್ತಾ ಕಳೆದೆ.

ಮೂರನೆಯ ದಿನ ಮಧ್ಯಾಹ್ನ ಹಮೀದಾಕ ಮರುಭೂಮಿಯಿಂದ ಬಂದು ಬ್ಯಾಟರಿಗಳ ಪಟ್ಟಿಗೆ ನನ್ನ ಸಹಿ ಕೇಳಿದರು. ನಾನು ಕಣ್ಣೊರೆಸಿಕೊಂಡು ಎದ್ದು, ಕಾರ್ಪೆಟ್ಟಿನ ಮೇಲೆ ನಾಲ್ಕು ಹೆಜ್ಜೆ ನಡೆದು, ಪಟ್ಟಿ ತೆಗೆದುಕೊಳ್ಳಲು ಕೈ ಚಾಚಿದೆ. ನಮ್ಮಿಬ್ಬರ ಬೆರಳ ನಡುವೆ ಚಟ್ ಎಂದು ಕಿಡಿ ಹಾರಿತು. ನಾನು ಸಾರಿ ಎಂದೆ. ಹಾಗೆ ಆಗಾಗ ಆಗುತ್ತಿತ್ತು, ಬಾಗಿಲ ಹಿಡಿ ಮುಟ್ಟಿದರೂ ಆಗುತ್ತಿತ್ತು, ಇಲ್ಲಿನ ಹವೆಯೇ ಹೀಗೆ ಅಂದುಕೊಂಡಿದ್ದೆ. ತೇವದ ಹವೆಯ ಮಂಗಳೂರಿನಲ್ಲಿ ಬೆಂಕಿಪೆಟ್ಟಿಗೆಯ ಕಡ್ಡಿಯೇ ಹೊತ್ತಿಕೊಳ್ಳಲು ಸತಾಯಿಸುವಾಗ, ಮನುಷ್ಯರ ಮೈಯಿಂದ ಕಿಡಿ ಬರುವುದನ್ನು ನನಗೆ ಕಲಿಸುವವರಾದರೂ ಯಾರು?

ಹಮೀದಾಕ ಪಟ್ಟಿಯನ್ನು ಕೊಡಲಿಲ್ಲ. ನನ್ನ ಸೀರೆಯನ್ನು ನೋಡಿದರು, ಕಾರ್ಪೆಟ್ ನೋಡಿದರು, ಸಾಲಾಗಿ ಸತ್ತು ಮಲಗಿದ್ದ ನಾಲ್ಕು ಚಿಪ್ ನೋಡಿದರು.

"ಬಾಯಮ್ಮ, ಇದು ಎಂತ ಸೀರೆ?"

ನೈಲಾನ್ ಎಂದೆ. ಮದುವೆಯ ಹೊಸದರಲ್ಲಿ ವಿಕ್ಟರ್ ಪ್ರೀತಿಯಿಂದ ತಂದುಕೊಟ್ಟ ಮೂರು ಫಾರಿನ್ ಸೀರೆಗಳಲ್ಲಿ ಒಂದು. ಇಸ್ತ್ರಿ ಬೇಡ, ಒಗೆದರೆ ಹತ್ತು ನಿಮಿಷಕ್ಕೆ ಒಣಗುತ್ತದೆ ಎಂದು ಅದರ ಗುಣವನ್ನೂ ಹೇಳಿದೆನೆಂದು ತೋರುತ್ತದೆ.

"ನಾನು ಇಲ್ಲಿಗೆ ಬರುವ ಮೊದಲು ಪೆಟ್ರೋಲ್ ಟ್ಯಾಂಕರ್ ಓಡಿಸ್ತಿದ್ದೆ," ಎಂದರು. "ಅದರ ಹಿಂದೆ ಒಂದು ಸರಪಳಿ ನೆಲಕ್ಕೆ ತಾಗಿಕೊಂಡು ಇರ್ತದೆ, ನೋಡಿದ್ದೀರಾ? ಓಡ್ತಾ ಓಡ್ತಾ ಗಾಡಿಯ ಮೈಯಲ್ಲಿ ಕರೆಂಟ್ ತುಂಬ್ತದೆ. ಸರಪಳಿ ಇಲ್ಲದಿದ್ರೆ ಒಂದೇ ಕಿಡಿ ಸಾಕು. ನಿಮ್ಮ ಮೈಯಲ್ಲಿಯೂ ಅದೇ ಕರೆಂಟ್ ಉಂಟು. ನಿಮಗೆ ಸರಪಳಿ ಇಲ್ಲ, ಅಷ್ಟೇ."

ನಾನು ಮೇಜಿಗೆ ಮರಳಿದೆ. ಆಮೇಲೆ ಚಿಪ್ಪುಗಳ ಜೊತೆ ಬಂದಿದ್ದ ಮಾಹಿತಿಯ ಹಾಳೆಯನ್ನು ಹುಡುಕಿದೆ. ಕೆಲಸ ಗೊತ್ತಿರುವವಳಿಗೆ ಕಾಗದ ಯಾಕೆಂದು ಅದನ್ನು ಚಹಾದ ಲೋಟದ ಅಡಿಗೆ ಇಟ್ಟುಕೊಂಡಿದ್ದೆ. ಮುಟ್ಟುವವರ ಮೈಯ ವಿದ್ಯುತ್ತಿನಿಂದ ಈ ಚಿಪ್ ಸಾಯುತ್ತದೆ ಎಂದು ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಅಚ್ಚಾಗಿತ್ತು. ಲೋಟದ ತಳದ ಉಂಗುರ ಸರಿಯಾಗಿ ಅದರ ಸುತ್ತಲೇ ಬಿದ್ದಿತ್ತು, ಯಾರೋ ಓದು ಎಂದು ಗುರುತು ಹಾಕಿಕೊಟ್ಟ ಹಾಗೆ.

ಹಮೀದಾಕ ಗಾಡಿಯಿಂದ ತೆಳುವಾದ ತಂತಿ ತಂದರು. ಅದರ ಒಂದು ತುದಿಯನ್ನು ನಾನು ನನ್ನ ಚಿನ್ನದ ಬಳೆಗೆ ಸುತ್ತಿಕೊಂಡೆ, ಇನ್ನೊಂದು ತುದಿಯನ್ನು ಅವರು ಮೂಲೆಯ ಸಿಂಕಿನ ನಲ್ಲಿಗೆ ಕಟ್ಟಿದರು. ಮರುದಿನ ಬೆಳಿಗ್ಗೆ ಒಂದು ಪೊಟ್ಟಣ ತಂದುಕೊಟ್ಟರು, ಒಳಗೆ ಹಬ್ಬಕ್ಕೆಂದು ಇಟ್ಟುಕೊಂಡಿದ್ದ ಹೊಸ ಬಿಳಿ ಹತ್ತಿಯ ಮುಂಡುಪಂಚೆ. ಇದನ್ನು ಹೊಲಿದು ಸೀರೆಯ ಮೇಲೆ ಕೋಟಿನ ಹಾಗೆ ಹಾಕಿಕೊಳ್ಳಿ ಎಂದರು. ಹೊಲಿದು ಹಾಕಿಕೊಂಡೆ. ಗೂಟಕ್ಕೆ ಕಟ್ಟಿದ ಹಸುವಿನಂತೆ ಬಳೆಯಿಂದ ನಲ್ಲಿಗೆ ಕಟ್ಟಿಸಿಕೊಂಡು, ಐದನೆಯ ಚಿಪ್ಪನ್ನು ಕೂರಿಸಿದೆ. ಅದು ಬದುಕಿತು. ಆರನೆಯದೂ ಬದುಕಿತು. ಕರೆಂಟ್ ಬಾಯಮ್ಮ ಎಂಬ ಹೆಸರು ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಿಗೆ ಬಿತ್ತು, ಕನ್ನಡ ಬಾರದವರ ಬಾಯಿಗೂ.

ಮೊದಲ ಪೆಟ್ಟಿಗೆಯನ್ನು ಬಾವಿಗೆ ಕೂರಿಸಲು ನಾನೇ ಹೋದೆ, ಹಮೀದಾಕನ ಗಾಡಿಯಲ್ಲಿ. ಖರ್ಜೂರದ ತೋಟವೊಂದರ ಅಂಚಿನಲ್ಲಿ ಬಾವಿ. ಸುತ್ತ ಮರಳು, ತೋಟದ ನೆರಳಿನಲ್ಲಿ ನಾಲ್ಕು ಮೇಕೆ. ಲಾರಿಯ ಬ್ಯಾಟರಿಯನ್ನು ಬದಿಗಿಟ್ಟು ನಾಲ್ಕು ಟಾರ್ಚ್ ಸೆಲ್ಲು ಹಾಕಿ ಪೆಟ್ಟಿಗೆ ಮುಚ್ಚುವ ಮುಂಚೆ ಹಮೀದಾಕ ನನ್ನ ಅನುಮತಿ ಕೇಳಿ, ಗಾಡಿಯ ಬಾನೆಟ್ಟನ್ನು ಮುಟ್ಟಿ ಮೈಯ ಕರೆಂಟು ಕಳೆದುಕೊಂಡು, ಚಿಪ್ಪಿನ ಮೇಲೆ ಬೆರಳಿಟ್ಟು ನೋಡಿದರು. ತಣ್ಣಗೆ ಉಂಟಲ್ಲ, ಜೀವ ಉಂಟಾ ಎಂದರು. ಉಂಟು ಎಂದೆ. ಮತ್ತೆ ಯಾವಾಗ ಬ್ಯಾಟರಿ ಹಾಕಬೇಕು ಎಂದರು. ನಾನು ಎಂಥ ಹೆಮ್ಮೆಯಿಂದ ಹೇಳಿದೆ ಎಂದರೆ, ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

"ಮೂರು ತಿಂಗಳು ಈ ಕಡೆ ತಲೆ ಹಾಕಬೇಕಾಗಿಲ್ಲ, ಹಮೀದಾಕ."

ಅವರು ಬಾವಿಯೊಳಗೆ ಒಮ್ಮೆ ಇಣುಕಿದರು. ಒಳ್ಳೆಯದಾಯಿತು, ಸೊಂಟಕ್ಕೆ ರೆಸ್ಟ್ ಎಂದು ನಕ್ಕು, ಹಳೆಯ ಬ್ಯಾಟರಿಯನ್ನು ಹೆಗಲಿಗೇರಿಸಿ ಗಾಡಿಗೆ ಹಾಕಿದರು.

ಮುಂದಿನ ತಿಂಗಳುಗಳಲ್ಲಿ ಇನ್ನಷ್ಟು ಚಿಪ್ ಬಂದವು. ನಾನು ಒಂದನ್ನೂ ಕೊಲ್ಲದೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಜೋಡಿಸಿದೆ. ರಜೆಯಿಂದ ಬಂದ ಇಂಜಿನಿಯರ್ ನನ್ನ ಕೆಲಸ ಖಾಯಂ ಮಾಡಿಸಿದರು. ಏಳು ತಿಂಗಳಾದಾಗ ಹೆರಿಗೆಗೆ ಊರಿಗೆ ಹೋದೆ, ಶರಲ್ ಹುಟ್ಟಿದಳು. ಮಗುವನ್ನೆತ್ತಿಕೊಂಡು ಮರಳಿ ಬಂದು ನೋಡಿದರೆ ಮೂವರು ಡ್ರೈವರುಗಳ ಜಾಗದಲ್ಲಿ ಒಬ್ಬನಿದ್ದ. ಹಮೀದಾಕ ಎಲ್ಲಿ ಎಂದು ಕೇಳಿದೆ. ಬೇರೆ ಒಳ್ಳೆಯ ಕೆಲಸ ಸಿಕ್ಕಿ ಹೋದರು ಎಂದರು. ನಾನು ನಂಬಿದೆ. ಹಾಲು ಕುಡಿಯುವ ಮಗು, ಎರಡು ಬಸ್ಸು ಹಿಡಿದು ಹೋಗಬೇಕಾದ ಕೆಲಸ, ನಂಬಿದರೆ ಅನುಕೂಲವಿತ್ತು. ಎರಡೂ ಎರಡೂ ಸೇರಿಸಿದರೆ ನಾಲ್ಕು ಎಂದು ಚಿಪ್ಪಿಗೆ ಹೇಳಿಕೊಡುತ್ತಿದ್ದ ನನಗೆ, ಮೂರು ತಿಂಗಳು ಬಾಳುವ ಬ್ಯಾಟರಿಗೆ ಎಷ್ಟು ಡ್ರೈವರು ಬೇಕು ಎಂಬುದು ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ವರ್ಷಗಳು ಕಳೆದಿದ್ದವು, ಅವರು ಎಲ್ಲಿದ್ದಾರೆಂದು ಹೇಳುವವರು ಯಾರೂ ಉಳಿದಿರಲಿಲ್ಲ.

ಆ ಕೆಲಸದಲ್ಲೇ ನಾನು ಇಪ್ಪತ್ತೆಂಟು ವರ್ಷ ದುಡಿದೆ. ಶರಲ್ ಓದಿದ್ದು, ಊರಿನಲ್ಲಿ ವಿನ್ನಿಯ ಮನೆಗೆ ಹಂಚು ಹೊದಿಸಿದ್ದು, ವಿಕ್ಟರನ ಕೊನೆಯ ಕಾಯಿಲೆಗೆ ಆಸ್ಪತ್ರೆ, ಎಲ್ಲವೂ ಅದರಿಂದ. ಅಷ್ಟೂ ನಿಂತಿದ್ದು ಒಂದು ಮಧ್ಯಾಹ್ನದ ಆ ಕಿಡಿಯ ಮೇಲೆ, ಅದನ್ನು ನೋಡಿಯೂ ನೋಡದಂತೆ ಸಹಿ ಹಾಕಿಸಿಕೊಂಡು ಹೋಗಬಹುದಾಗಿದ್ದ ಒಬ್ಬ ಮನುಷ್ಯನ ಮೇಲೆ.

ಇದೆಲ್ಲ ಆ ಶಾಲೆಯ ಪುಟ್ಟ ಕುರ್ಚಿಯಲ್ಲಿ ಕುಳಿತಾಗ ತಲೆಯಲ್ಲಿ ಓಡಿತು. ಬಾಪ ಅಬುಧಾಬಿಯ ಬನಿಯಾಸ್‌ನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾರೆ, ಬನ್ನಿ ಎಂದಳು ನಸೀಮಾ. ಮುಂದಿನ ಶನಿವಾರವೇ ಶರಲ್ ನನ್ನನ್ನು ಕಾರಿನಲ್ಲಿ ಕರೆದೊಯ್ದಳು. ನಸೀಮಾ ಮೊದಲೇ ಬಂದಿದ್ದಳು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಥ್ಯಾಂಕ್ಸನ್ನು ಮೂರು ಭಾಷೆಯಲ್ಲಿ ಅಭ್ಯಾಸ ಮಾಡಿದ್ದೆ.

ಹಮೀದಾಕ ಸೋಫಾದಲ್ಲಿ ಕುಳಿತಿದ್ದರು. ಎತ್ತರ ಹಾಗೇ ಇತ್ತು, ಮಂಡಿ ಮಾತ್ರ ಕೇಳುತ್ತಿರಲಿಲ್ಲ. ಗಡ್ಡ ಪೂರ್ತಿ ಬೆಳ್ಳಗೆ. ನಾನು ಹತ್ತಿರ ಹೋದಾಗ ಕೈ ಮುಂದೆ ಮಾಡಿ, ಹಿಂದೆ ತೆಗೆದುಕೊಂಡು, "ಇವತ್ತು ಕಾಟನ್ ಅಲ್ವಾ, ಬಾಯಮ್ಮ?" ಎಂದರು. ಎಲ್ಲರೂ ನಕ್ಕರು. ಕಿವಿ ದೂರವಾಗಿದೆ, ಹತ್ತಿರ ಕುಳಿತು ಜೋರಾಗಿ ಹೇಳಬೇಕು ಎಂದಳು ನಸೀಮಾ. ಅವರ ಹೆಂಡತಿ ಐಸಮ್ಮ ಕರಿದ ಅಕ್ಕಿರೊಟ್ಟಿ, ನೈ ಪತ್ತಿರಿಯ ತಟ್ಟೆಯನ್ನು ನನ್ನ ಮುಂದಿಟ್ಟು, ಶರಲ್‌ಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ನಸೀಮಾಳೂ ಹಿಂದೆ ಹೋದಳು.

ನಾವಿಬ್ಬರೇ ಉಳಿದಾಗ ಕೇಳಿದೆ, ಆಮೇಲೆ ಎಲ್ಲಿಗೆ ಹೋದಿರಿ ಎಂದು. ಅವರು ಮರೆಮಾಚಲಿಲ್ಲ. ಇಬ್ಬರು ಡ್ರೈವರುಗಳು ಇನ್ನು ಬೇಡ ಎಂದು ಕಂಪನಿಯವರು ಹೇಳಿದರಂತೆ. ನಾಲ್ಕು ತಿಂಗಳು ಕೆಲಸವಿರಲಿಲ್ಲ. ಇದೇ ಬನಿಯಾಸ್‌ನಲ್ಲಿ ದೂರದ ನೆಂಟರ ಅಂಗಡಿಯಲ್ಲಿ ಮೂಟೆ ಹೊತ್ತುಕೊಂಡು, ಅಲ್ಲೇ ಹಿಂದೆ ಮಲಗಿಕೊಂಡು ಇದ್ದರು. ಆ ವರ್ಷ ಊರಿಗೆ ಹೋಗಲು ಸಿದ್ಧವಾಗಿದ್ದ ರಜೆ ಹಾಗೇ ಹೋಯಿತು. ಆಗಲೇ ನಸೀಮಾ ಹುಟ್ಟಿದ್ದು. ಅವಳಿಗೆ ಎರಡು ವರ್ಷವಾದ ಮೇಲೆ ಅವಳ ಮುಖ ನೋಡಿದ್ದು. ಆಮೇಲೆ ಶಾಲೆಯ ಬಸ್ ಓಡಿಸುವ ಕೆಲಸ ಸಿಕ್ಕಿತು, ಅದರಲ್ಲೇ ಮೂವತ್ತು ವರ್ಷ.

ನಾನು ಲೆಕ್ಕ ಹಾಕಿದೆ. ನಾನು ಊರಿನಲ್ಲಿ ಶರಲ್‌ಳನ್ನು ಮಡಿಲಲ್ಲಿ ಇಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದ ತಿಂಗಳುಗಳವು. ಕೈಯಲ್ಲಿದ್ದ ಪತ್ತಿರಿಯನ್ನು ತಟ್ಟೆಗೆ ವಾಪಸಿಟ್ಟೆ.

"ನಿಮಗೆ ಗೊತ್ತಿತ್ತಾ, ಹಮೀದಾಕ? ಆ ಡಬ್ಬಿ ಸರಿಯಾದ್ರೆ ನಿಮ್ಮ ಕೆಲಸ ಹೋಗ್ತದೆ ಅಂತ?"

"ಗೊತ್ತಿತ್ತು. ನೀವು ಮೂರು ತಿಂಗಳು ಅಂದ್ರಿ ಅಲ್ವಾ ಬಾವಿ ಹತ್ರ. ಅದಕ್ಕೂ ಮೊದಲೇ ಡ್ರೈವರುಗಳು ಮಾತಾಡ್ತಾ ಇದ್ದೆವು. ನೀವು ಒಂದೊಂದು ಚಿಪ್ ಹಾಳು ಮಾಡುವಾಗ ಉಳಿದ ಇಬ್ಬರಿಗೂ ಖುಷಿಯೇ."

"ಮತ್ತೆ ಯಾಕೆ ಹೇಳಿದ್ರಿ?"

ಅವರಿಗೆ ಪ್ರಶ್ನೆ ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೊಮ್ಮೆ ಜೋರಾಗಿ ಕೇಳಿದೆ. ಕೇಳಿಸಿತ್ತು. ಇಷ್ಟು ಸುಲಭದ್ದನ್ನು ಯಾಕೆ ಕೇಳುತ್ತಾಳೆ ಎಂಬಂತೆ ನನ್ನನ್ನು ನೋಡುತ್ತಿದ್ದರು.

"ಕಿಡಿ ಕಂಡವನು ಹೇಳದೆ ಇರ್ಲಿಕ್ಕೆ ಆಗ್ತದಾ, ಬಾಯಮ್ಮ? ಟ್ಯಾಂಕರ್‌ನಲ್ಲಿ ಮೊದಲ ದಿನ ಕಲಿಸುವುದೇ ಅದು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಮೇಲೆ ಅಲ್ಲ, ಆ ಡಬ್ಬಿಯ ಮೇಲೆ. ಶಾಲೆಯ ಬಸ್ಸಿಗೆ ಹೋದ ಮೇಲೆ ಅದೂ ಹೋಯ್ತು. ಮಕ್ಕಳನ್ನು ಹತ್ತಿಸಿ ಇಳಿಸಿಕೊಂಡು ಇದ್ದವನಿಗೆ ಮರುಭೂಮಿ ಯಾಕೆ ಬೇಕು?"

ಮೂರು ಭಾಷೆಯಲ್ಲಿ ಅಭ್ಯಾಸ ಮಾಡಿದ್ದ ಮಾತು ಒಂದರಲ್ಲೂ ಬರಲಿಲ್ಲ. ಅಡುಗೆಮನೆಯಿಂದ ನಗು ಕೇಳಿಬರುತ್ತಿತ್ತು, ಅವರಿಗೆ ಅದು ಕೇಳಿಸುತ್ತಿಲ್ಲ ಎಂಬುದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಕಿವಿಗೆ ಮೆಷಿನ್ ಹಾಕಿಸಲಿಲ್ಲವೇ ಎಂದು ಕೇಳಿದೆ. ಮಗ ತಂದುಕೊಟ್ಟಿದ್ದಾನೆ, ಆದರೆ ಅದು ಮೊದಲ ದಿನದಿಂದಲೇ ಕೆಟ್ಟಿದೆ, ಸರಿಯಾದರೂ ವಾರಕ್ಕೊಮ್ಮೆ ಬ್ಯಾಟರಿ ಬದಲಿಸಬೇಕಂತೆ, ಆ ಕೆಲಸ ತಾನು ಸಾಕಷ್ಟು ಮಾಡಿ ಆಗಿದೆ ಎಂದರು.

ಎಲ್ಲಿದೆ ಎಂದೆ. ಟೀಪಾಯಿಯ ಡ್ರಾಯರಿನಲ್ಲಿತ್ತು. ಗೋಡಂಬಿಯಷ್ಟು ಮೆಷಿನ್, ಅದರೊಳಗೆ ತೊಗರಿಬೇಳೆಯಷ್ಟು ಬ್ಯಾಟರಿ. ನಲವತ್ತು ಕಾಲಿನ ನನ್ನ ಹಳೆಯ ಚಿಪ್ ಮಾಡುತ್ತಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಕೆಲಸವನ್ನು ಇದರೊಳಗಿನ ಕಣದಂಥ ಚಿಪ್ ಮಾಡುತ್ತದೆ, ಅದರ ಮೊಮ್ಮಗನೋ ಮರಿಮಗನೋ ಇರಬೇಕು. ಕನ್ನಡಕ ಹಾಕಿಕೊಂಡು ಬಿಚ್ಚಿದೆ. ಮೆಷಿನ್ ಕೆಟ್ಟಿರಲಿಲ್ಲ. ಬ್ಯಾಟರಿಯ ಬೆನ್ನಿಗೆ ಅಂಟಿಸಿದ್ದ ಪುಟ್ಟ ಕಿತ್ತಳೆ ಬಣ್ಣದ ಸ್ಟಿಕ್ಕರನ್ನು ಯಾರೂ ಕಿತ್ತಿರಲಿಲ್ಲ. ಈ ಬ್ಯಾಟರಿಗಳು ಗಾಳಿ ಕುಡಿದು ಕೆಲಸ ಮಾಡುತ್ತವೆ, ಸ್ಟಿಕ್ಕರ್ ಇದ್ದರೆ ಉಸಿರಾಡುವುದಿಲ್ಲ. ಡಬ್ಬದ ಒಳಗಿನ ಹಾಳೆಯಲ್ಲಿ ಬರೆದಿತ್ತು. ಹಾಳೆ ಓದದವರನ್ನು ಬೈಯುವ ಹಕ್ಕು ನನಗಿರಲಿಲ್ಲ.

ಸ್ಟಿಕ್ಕರ್ ಕಿತ್ತು ಬ್ಯಾಟರಿಯನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಒಂದೆರಡು ನಿಮಿಷ ಬೇಕು ಎಂದೆ. ಇಬ್ಬರೂ ಅದನ್ನೇ ನೋಡುತ್ತಾ ಕುಳಿತೆವು. ಆಮೇಲೆ ಮೆಷಿನ್ನಿಗೆ ಹಾಕಿ, ಅವರ ಬಲಗಿವಿಯ ಹಿಂದೆ ಕೂರಿಸಿ, ಸಣ್ಣ ಕೊಳವೆಯನ್ನು ಒಳಗೆ ತಳ್ಳಿದೆ.

ಹಮೀದಾಕ ಮೊದಲು ಎಸಿಯ ಕಡೆ ತಿರುಗಿದರು, ಅದು ಸದ್ದು ಮಾಡುತ್ತದೆ ಎಂದು ಅವರಿಗೆ ನೆನಪೇ ಇರಲಿಲ್ಲವೇನೋ. ಆಮೇಲೆ ನಿಧಾನಕ್ಕೆ ಅಡುಗೆಮನೆಯ ಕಡೆ. ನಾನು ಈಗಲಾದರೂ ಹೇಳೋಣವೆಂದು ಬಾಯಿ ತೆರೆದೆ. ಅವರು ಒಂದು ಬೆರಳೆತ್ತಿ ನನ್ನನ್ನು ತಡೆದರು.

"ಅಲ್ಲಿ ನಗ್ತಾ ಇರುವುದು ಯಾರು?"

"ನಿಮ್ಮ ಮಗಳು," ಎಂದೆ.

"ಇನ್ನೊಂದು?"

"ನನ್ನ ಮಗಳು."

ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ ಬಹಳ ಹೊತ್ತು ಕೇಳಿಸಿಕೊಂಡರು.

"ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ," ಎಂದರು.